‘ಇನ್ಶೂರೆನ್ಸ್ ಹಾಕ್ಲಾ ಸಾರ್?’: ಮೊಬೈಲ್ ಕೌಂಟರಿನ ರಕ್ಷಣಾ ಪ್ಲಾನುಗಳ ವಿಮರ್ಶೆ

ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಾಗಲಿ, ಮಂಡ್ಯದ ವಿ.ವಿ. ರಸ್ತೆಯಲ್ಲಾಗಲಿ, ಹೊಸ ಫೋನಿಗೆ ಬಿಲ್ ಹಾಕುವ ಹೊತ್ತಿಗೆ ಕೌಂಟರಿನಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಕಂತಿನಲ್ಲಿ ಕೊಳ್ಳುವವರಿಗೆ ಕೆಲವೊಮ್ಮೆ ಕೇಳದೆಯೇ ಸೇರಿಸಿರುತ್ತಾರೆ. ತಿಂಗಳ ಕಂತು ನೂರೋ ನೂರೈವತ್ತೋ ಹೆಚ್ಚಾದದ್ದು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. 15,000 ರೂಪಾಯಿ ಒಳಗಿನ ಫೋನಿಗೆ ಈ ಪ್ಲಾನ್ ಬೇಡ. ದುಬಾರಿ ಅಮೊಲೆಡ್ (ಪ್ರತಿ ಚುಕ್ಕಿಯೂ ತಾನೇ ಬೆಳಗುವ) ಪರದೆಯ ಫೋನಿಗೆ ಬೇಕು, ಆದರೆ ಫೋನ್ ತಯಾರಿಸಿದ ಕಂಪನಿಯದ್ದೇ ಆಗಿರಬೇಕು. ನಡುವಿನ ಬೆಲೆಯವಕ್ಕೆ ಲೆಕ್ಕ ಹಾಕಿಯೇ ನೋಡಬೇಕು.

‘ಇನ್ಶೂರೆನ್ಸ್’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಕಾಗದಗಳು ಮಾರಾಟವಾಗುತ್ತವೆ. ಒಂದು, ವಾರಂಟಿ ವಿಸ್ತರಣೆ: ತಯಾರಿಕೆಯ ದೋಷಕ್ಕೆ ಎರಡನೇ ವರ್ಷವೂ ರಿಪೇರಿ, ಬಿದ್ದು ಒಡೆದರೆ ಏನೂ ಇಲ್ಲ. ಎರಡು, ರಕ್ಷಣಾ ಪ್ಲಾನ್: ಬಿದ್ದರೆ, ನೀರು ಹೊಕ್ಕರೆ ರಿಪೇರಿ ಮಾಡಿಕೊಡುವ ಸೇವಾ ಒಪ್ಪಂದ. ಮೂರು, ನಿಜವಾದ ವಿಮಾ ಪಾಲಿಸಿ; ಅದರ ಮೇಲೆ ವಿಮಾ ಕಂಪನಿಯ ಹೆಸರು ಮತ್ತು ಪಾಲಿಸಿ ಸಂಖ್ಯೆ ಇದ್ದೇ ಇರುತ್ತದೆ. ಜಗಳ ಬಂದಾಗ ಈ ವ್ಯತ್ಯಾಸವೇ ಎಲ್ಲ. ವಿಮಾ ಪಾಲಿಸಿಯಾದರೆ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನಿಯಮ ಅನ್ವಯಿಸುತ್ತದೆ. ಕಂಪನಿ ಒಂದು ತಿಂಗಳಲ್ಲಿ ಸರಿಯಾಗಿ ಉತ್ತರಿಸದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ (ದೂರು ಆಲಿಸಿ ತೀರ್ಮಾನಿಸುವ ಅಧಿಕಾರಿ) ಬಳಿ ಹೋಗಬಹುದು. ಸೇವಾ ಒಪ್ಪಂದಕ್ಕೆ ಆ ಬಾಗಿಲು ತೆರೆಯುವುದಿಲ್ಲ, ಗ್ರಾಹಕ ಆಯೋಗವೇ ಗತಿ. ಆದ್ದರಿಂದ ಹಣ ಕೊಡುವ ಮೊದಲು ‘ಇದಕ್ಕೆ ಪಾಲಿಸಿ ನಂಬರ್ ಬರುತ್ತಾ, ಬರೀ ಪ್ಲಾನ್ ನಂಬರ್ರಾ?’ ಎಂದು ಕೇಳಿ. ಸೇಲ್ಸ್ ಹುಡುಗನಿಗೆ ಗೊತ್ತಿಲ್ಲದಿದ್ದರೆ ಷರತ್ತುಗಳ ಪಿಡಿಎಫ್ ತರಿಸಿ ಓದಿ. ಓದಲು ಬಿಡದ ಕೌಂಟರಿನಲ್ಲಿ ಫೋನ್ ಮಾತ್ರ ಕೊಂಡು ಬನ್ನಿ.

ಪಿಡಿಎಫ್‌ನಲ್ಲಿ ಹುಡುಕಬೇಕಾದ ಪದ ‘ಸವಕಳಿ’ (ಡಿಪ್ರಿಸಿಯೇಷನ್), ಅಂದರೆ ಫೋನು ಹಳೆಯದಾದಂತೆ ಅದರ ಬೆಲೆಯಲ್ಲಿ ಕಳೆಯುವ ಪಾಲು. ಒಂದು ಲೆಕ್ಕ ಹಿಡಿಯೋಣ. 24,000 ರೂಪಾಯಿಯ ಫೋನ್, 14 ತಿಂಗಳಿಗೆ ಬಿತ್ತು. ಒಪ್ಪಂದದಲ್ಲಿ ಎರಡನೇ ವರ್ಷಕ್ಕೆ ಶೇ 40 ಸವಕಳಿ ಎಂದಿದ್ದರೆ, ಅವರ ಪುಸ್ತಕದಲ್ಲಿ ಆ ಫೋನಿನ ಬೆಲೆ ಈಗ 14,400. ಡಿಸ್‌ಪ್ಲೇ ಜೊತೆಗೆ ಬ್ಯಾಕ್ ಪ್ಯಾನೆಲ್ ಕೂಡ ಹೋಗಿ ಅಂದಾಜು 11,000 ಬಂತು ಅಂದುಕೊಳ್ಳಿ. ರಿಪೇರಿ ವೆಚ್ಚ ಉಳಿದ ಬೆಲೆಯ ಶೇ 70 ದಾಟಿದರೆ ‘ರಿಪೇರಿಗೆ ಯೋಗ್ಯವಲ್ಲ’ ಎಂಬ ಷರತ್ತಿದ್ದರೆ, ಇಲ್ಲಿ ಶೇ 76 ಆಯಿತು. ಫೋನ್ ಅವರಿಗೇ ಹೋಗುತ್ತದೆ, ನಿಮಗೆ 14,400ರಲ್ಲಿ ಕ್ಲೇಮ್ ಶುಲ್ಕ (ಪ್ರತಿ ಕ್ಲೇಮಿಗೆ ನೀವು ಕಟ್ಟಬೇಕಾದ ಹಣ) ಕಳೆದು ಉಳಿದದ್ದು, ಅದೂ ಎಷ್ಟೋ ಸಲ ಆ ಅಂಗಡಿಯಲ್ಲೇ ಖರ್ಚು ಮಾಡಬೇಕಾದ ವೋಚರಾಗಿ. ಪ್ಲಾನ್ ಕೊಳ್ಳುವಾಗ ‘ಪೂರ್ತಿ ಕವರ್’ ಎಂದು ಕೇಳಿಸಿಕೊಂಡವರಿಗೆ ಇದು ಮೋಸದಂತೆಯೇ ಅನಿಸುತ್ತದೆ. ಕಾಗದದಲ್ಲಿ ಮಾತ್ರ ಅದು ಮೊದಲಿನಿಂದಲೂ ಇತ್ತು.

ಕೊಳ್ಳಬೇಕೋ ಬೇಡವೋ ಎಂಬುದಕ್ಕೆ ನಾವು ಬಳಸುವ ಅಳತೆ ಸರಳ. ಆ ಮಾಡೆಲ್ಲಿನ ಡಿಸ್‌ಪ್ಲೇಗೆ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಎಷ್ಟು ಎಂದು ಫೋನ್ ಕೊಳ್ಳುವ ಮೊದಲೇ ಕೇಳಿ. ಹಲವು ಬ್ರ್ಯಾಂಡುಗಳು ಬಿಡಿಭಾಗದ ಬೆಲೆಯನ್ನು ತಮ್ಮ ವೆಬ್‌ಸೈಟಿನಲ್ಲೇ ಹಾಕಿವೆ. ಪ್ಲಾನಿನ ಬೆಲೆ ಮತ್ತು ಒಂದು ಸಲದ ಕ್ಲೇಮ್ ಶುಲ್ಕ ಸೇರಿ ಆ ಮೊತ್ತದ ಮೂರನೇ ಒಂದು ಭಾಗ ದಾಟಿದರೆ ಬಿಟ್ಟುಬಿಡಿ. ದಾಟಿದ ಮೇಲೆ, ಮೂರು ಫೋನಿಗೆ ಒಂದು ಸಲಕ್ಕಿಂತ ಹೆಚ್ಚು ಪರದೆ ಒಡೆದುಕೊಳ್ಳುವವರಿಗಷ್ಟೇ ಅದು ಗಿಟ್ಟುತ್ತದೆ.

ತಯಾರಕರದ್ದೇ ಪ್ಲಾನ್ ಯಾಕೆ ಮೇಲು? ಭಾಗ ಅಸಲಿ, ಫೋನ್ ಬಿಚ್ಚಿ ಮುಚ್ಚಿದ ಮೇಲೂ ವಾರಂಟಿ ಉಳಿಯುತ್ತದೆ, ಅನುಮೋದನೆಗಾಗಿ ಮೂರನೆಯವರ ಫೋಟೊ ತಪಾಸಣೆಗೆ ಕಾಯಬೇಕಿಲ್ಲ. ಆ್ಯಪಲ್‌ಕೇರ್ ಪ್ಲಸ್‌ನಲ್ಲಾದರೆ ಬ್ಯಾಟರಿ ಸಾಮರ್ಥ್ಯ ಶೇ 80ಕ್ಕಿಂತ ಇಳಿದರೆ ಅದನ್ನೂ ಬದಲಿಸಿಕೊಡುತ್ತಾರೆ. ಹಲವು ಬ್ರ್ಯಾಂಡ್‌ಗಳಿಗೆ ಒಂದೇ ಕಂಪನಿ ಮಾರುವ ಪ್ಲಾನುಗಳಲ್ಲಿ ಬ್ಯಾಟರಿ ಬಳಕೆಯ ಸವೆತಕ್ಕೆ ಸೇರುತ್ತದೆ, ಹಾಗಾಗಿ ಹೊರಗೆ. ಮಂಡ್ಯದವರು ಇನ್ನೊಂದು ಮಾತು ಕೇಳಬೇಕು: ಪಿಕಪ್ ಮನೆಯಿಂದ ಇದೆಯೋ, ಇಲ್ಲ ನಾವೇ ಒಯ್ದು ಕೊಡಬೇಕೋ? ಎಲ್ಲ ಬ್ರ್ಯಾಂಡಿಗೂ ಮಂಡ್ಯದಲ್ಲಿ ಸೆಂಟರ್ ಇಲ್ಲ. ಕೊಡಲು ಒಂದು ಸಲ, ತರಲು ಒಂದು ಸಲ 45 ಕಿಲೊಮೀಟರ್ ಮೈಸೂರಿಗೆ ಓಡಾಡಿದರೆ ಎರಡು ದಿನದ ಕೆಲಸ ಹೋಯಿತು.

ಈ ಭಾಗದಲ್ಲಿ ಫೋನು ಸಾಯುವುದು ಹೆಚ್ಚಾಗಿ ನೀರಿನಿಂದ ಮತ್ತು ಅಂಗಿಯ ಜೇಬಿನಿಂದ. ನಾಲೆಯ ತೂಬಿನ ಹತ್ತಿರ ಬಗ್ಗಿದಾಗ ಜೇಬಿನಿಂದ ಜಾರಿದ ಫೋನು, ಬಲಮುರಿಯಲ್ಲಿ ನೀರಿಗಿಳಿದಾಗ ಒದ್ದೆಯಾದ ಫೋನು. ‘ಐಪಿ68 ಅಲ್ವಾ, ಏನಾಗಲ್ಲ’ ಎಂಬ ಧೈರ್ಯ ಬೇಡ. ಐಪಿ ಅಂಕಿ ಎಂದರೆ ಫೋನು ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂಬ ದರ್ಜೆ. ಐಪಿ67 ಪರೀಕ್ಷೆ ನಡೆಯುವುದು ಒಂದು ಮೀಟರ್ ಆಳದಲ್ಲಿ 30 ನಿಮಿಷ, ನಿಂತ ಸಿಹಿನೀರಿನಲ್ಲಿ. ಐಪಿ68ಕ್ಕೆ ಆಳ ಎಷ್ಟೆಂದು ತಯಾರಕರೇ ಹೇಳುತ್ತಾರೆ, ಸಾಮಾನ್ಯವಾಗಿ 1.5 ಮೀಟರ್. ಧುಮುಕುವ ನೀರು, ಸೋಪಿನ ನೀರು, ಕೆಸರು ಆ ಪರೀಕ್ಷೆಯಲ್ಲಿಲ್ಲ. ಒಳಗಿನ ಅಂಟಿನ ಪಟ್ಟಿ ವರ್ಷ ಕಳೆದಂತೆ ಸಡಿಲಾಗುತ್ತದೆ, ಒಮ್ಮೆ ಹಿಂಬದಿ ತೆಗೆದು ಹೊಸ ಅಂಟು ಹಾಕದೆ ಮುಚ್ಚಿದರೆ ಆ ರಕ್ಷಣೆ ಹೋದಂತೆಯೇ. ಐಪಿ ಅಂಕಿ ಎಷ್ಟೇ ಇರಲಿ, ಮಾಮೂಲಿ ವಾರಂಟಿಯಲ್ಲಿ ನೀರಿನ ಹಾನಿ ಸೇರುವುದಿಲ್ಲ. ಸಿಮ್ ಟ್ರೇ ಕಿಂಡಿಯಲ್ಲೋ ಒಳಗೋ ಇರುವ ಬಿಳಿಯ ಸೂಚಕ ಕೆಂಪಗಾಗಿದ್ದರೆ ಎಂಜಿನಿಯರ್ ಅಲ್ಲಿಗೇ ನಿಲ್ಲಿಸುತ್ತಾನೆ.

ನೀರಿಗೆ ಬಿದ್ದ ಫೋನನ್ನು ಕೂಡಲೇ ಆಫ್ ಮಾಡಿ, ಟ್ರೇ ಹೊರಗೆ ತೆಗೆಯಿರಿ, ಚಾರ್ಜರ್ ಮಾತ್ರ ಚುಚ್ಚಬೇಡಿ. ಒದ್ದೆ ಜ್ಯಾಕಿಗೆ ವಿದ್ಯುತ್ ಹರಿದರೆ ಟೈಪ್-ಸಿ ಪಿನ್ನುಗಳು ಸ್ವಲ್ಪ ಹೊತ್ತಿನಲ್ಲೇ ಕರಗಿ ಹಸಿರುಗಟ್ಟುತ್ತವೆ, ಬೋರ್ಡ್ ಶಾರ್ಟ್ ಆಗುವುದೂ ಹಾಗೆಯೇ. ಅಕ್ಕಿ ಡಬ್ಬಿ ಉಪಯೋಗವಿಲ್ಲ. ಅಕ್ಕಿಯ ಪುಡಿ ಜ್ಯಾಕಿನೊಳಗೆ ಕೂತು ಹೊಸ ತೊಂದರೆ ತರುತ್ತದೆ. ಇಲ್ಲಿ ಒಂದು ಕವಲಿದೆ, ತುಂಬ ಜನ ಎಡವುವುದು ಇಲ್ಲೇ. ಪ್ಲಾನ್ ಇಲ್ಲದಿದ್ದರೆ ಅದೇ ದಿನ ಬೋರ್ಡ್ ಬಿಚ್ಚಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆಯುವ ಒಳ್ಳೆಯ ರಿಪೇರಿಯವರ ಬಳಿಗೆ ಒಯ್ಯಿರಿ, ತಡವಾದಷ್ಟೂ ತುಕ್ಕು ಹರಡುತ್ತದೆ. ಪ್ಲಾನ್ ಇದ್ದರೆ ಹೊರಗಿನ ಯಾರ ಕೈಗೂ ಕೊಡಬೇಡಿ. ಸ್ಕ್ರೂ ಬಿಚ್ಚಿದ ಗುರುತು ಕಂಡರೆ ಕ್ಲೇಮ್ ತಿರಸ್ಕಾರವಾಗುತ್ತದೆ.

ಕ್ಲೇಮ್ ಹಾಕುವ ಕ್ರಮವೂ ಮುಖ್ಯ. ಘಟನೆ ತಿಳಿಸಲು ಸಾಮಾನ್ಯವಾಗಿ 24ರಿಂದ 48 ಗಂಟೆಯ ಗಡುವು ಇರುತ್ತದೆ. ಮೊದಲು ಅದನ್ನು ಆ್ಯಪ್ ಅಥವಾ ಟೋಲ್-ಫ್ರೀಯಲ್ಲಿ ದಾಖಲಿಸಿ ಸಂಖ್ಯೆ ಬರೆದುಕೊಳ್ಳಿ. ಏನಾಯಿತು ಎಂಬ ವಿವರಣೆಯಲ್ಲಿ ದಿನ, ಹೊತ್ತು, ಜಾಗ ಇರಲಿ, ನಡೆದದ್ದನ್ನು ನಡೆದಂತೆಯೇ ಬರೆಯಿರಿ. ಎರಡು ಕಡೆ ಎರಡು ರೀತಿ ಬರೆದರೆ ಅದೇ ಕಾರಣ ಸಾಕು ಅವರಿಗೆ. ಒಡೆದ ಫೋನಿನ ಪರದೆಯಲ್ಲಿ *#06# ಒತ್ತಿ ಬಂದ ಐಎಂಇಐ (ಪ್ರತಿ ಫೋನಿನ 15 ಅಂಕಿಯ ಗುರುತಿನ ಸಂಖ್ಯೆ) ಕಾಣುವಂತೆ ಫೋಟೊ ಬೇಕಾಗುತ್ತದೆ, ಪರದೆ ಸತ್ತಿದ್ದರೆ ಟ್ರೇ ಅಥವಾ ಬಾಕ್ಸಿನ ಮೇಲಿನದು. ಫೋನ್ ಕೊಡುವ ಮೊದಲು ವಾಟ್ಸ್‌ಆ್ಯಪ್ ಬ್ಯಾಕಪ್ ಮಾಡಿ, ಕಳೆದ ಫೋನ್ ಹುಡುಕುವ ‘ಫೈಂಡ್ ಮೈ’ ಸೌಲಭ್ಯ ಆಫ್ ಮಾಡಿ. ಐಫೋನಿನಲ್ಲಿ ಅದು ಆನ್ ಇದ್ದರೆ ರಿಪೇರಿಗೇ ತೆಗೆದುಕೊಳ್ಳದಿರಬಹುದು. ಸ್ಯಾಮ್‌ಸಂಗ್‌ನಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್‌ನಲ್ಲಿ ರಿಪೇರಿ ಮೋಡ್ ಇದೆ. ಹಾಕಿದರೆ ಎಂಜಿನಿಯರಿಗೆ ನಿಮ್ಮ ಫೋಟೊ, ಮೆಸೇಜು ಕಾಣುವುದಿಲ್ಲ. ಫೋನ್ ಪಡೆದದ್ದಕ್ಕೆ ಸೆಂಟರಿನವರು ಕೊಡುವ ಜಾಬ್‌ಶೀಟಿನಲ್ಲಿ ಅಂಚಿನ ಗೀರು, ಸಿಮ್ ಟ್ರೇ ಎಲ್ಲ ಬರೆಸಿಕೊಳ್ಳಿ.

ಬಹುಮಂದಿಗೆ ತಿಳಿಯದ ಒಂದು ಸಂಗತಿ: ವಾರಂಟಿಯಲ್ಲಿ ಮದರ್‌ಬೋರ್ಡ್ ಬದಲಾದರೆ ಐಎಂಇಐ ಕೂಡ ಬದಲಾಗುತ್ತದೆ. ಪ್ಲಾನ್ ಹಳೆಯ ಸಂಖ್ಯೆಯಲ್ಲೇ ಉಳಿದರೆ ಮುಂದಿನ ಕ್ಲೇಮಿನಲ್ಲಿ ‘ಫೋನ್ ಬೇರೆ’ ಎನ್ನುತ್ತಾರೆ. ಬೋರ್ಡ್ ಬದಲಾದ ವಾರದೊಳಗೆ ಜಾಬ್‌ಶೀಟ್ ಪ್ರತಿ ಕಳುಹಿಸಿ ಹೊಸ ಸಂಖ್ಯೆಯ ಪ್ರಮಾಣಪತ್ರ ತರಿಸಿಕೊಳ್ಳಿ.

ಕಳವಿನ ಕವರ್ ಬಗ್ಗೆ ನಮಗೆ ಒಳ್ಳೆಯ ಅಭಿಪ್ರಾಯವಿಲ್ಲ. ಜಂಬೂ ಸವಾರಿಯ ಜನಜಂಗುಳಿಯಲ್ಲೋ ಸಿಟಿ ಬಸ್ ಹತ್ತುವಾಗಲೋ ಜೇಬಿನಿಂದ ಮಾಯವಾದ ಫೋನು ಹಲವು ಪಾಲಿಸಿಗಳಲ್ಲಿ ‘ಕಾರಣ ತಿಳಿಯದ ಕಣ್ಮರೆ’ ಅಥವಾ ‘ಗಮನವಿಲ್ಲದೆ ಬಿಟ್ಟದ್ದು’ ಎಂಬ ಹೊರಗಿಡುವ ಪಟ್ಟಿಗೆ ಬೀಳುತ್ತದೆ. ಬೀಗ ಒಡೆದ ಕಳ್ಳತನ ಅಥವಾ ಕಿತ್ತುಕೊಂಡ ಪ್ರಕರಣಕ್ಕೆ ಮಾತ್ರ ಹಣ ಎನ್ನುವವೂ ಇವೆ. ಕೆಎಸ್‌ಪಿ (ಕರ್ನಾಟಕ ರಾಜ್ಯ ಪೊಲೀಸ್) ಆ್ಯಪಿನ ಇ-ಲಾಸ್ಟ್ ವರದಿ ಕಳೆದುಹೋದ ವಸ್ತುವಿಗೆ. ಕಳುವಿನ ಕ್ಲೇಮಿಗೆ ವಿಮಾ ಕಂಪನಿ ಕೇಳುವುದು ಎಫ್‌ಐಆರ್. ಕಳುವಾಗಿದೆ ಎಂದು ಖಚಿತವಿದ್ದರೆ ಠಾಣೆಗೆ ಹೋಗಿ ದೂರು ಕೊಡಿ.

ವಿಮೆ ಇರಲಿ ಬಿಡಲಿ, ಫೋನ್ ಹೋದ ದಿನವೇ ಮಾಡಬೇಕಾದದ್ದು ಕೇಂದ್ರ ಸರ್ಕಾರದ ಐಎಂಇಐ ದಾಖಲೆಯಾದ ಸಿಇಐಆರ್‌ನಲ್ಲಿ ತಡೆ ಹಾಕುವುದು. 2023ರ ಮೇನಲ್ಲಿ ಸಂಚಾರ್ ಸಾಥಿ ಪೋರ್ಟಲ್ ಮೂಲಕ ಇದು ದೇಶಕ್ಕೆಲ್ಲ ಬಂತು. ಪೊಲೀಸ್ ದೂರಿನ ಪ್ರತಿ, ಎರಡೂ ಐಎಂಇಐ (ಎರಡು ಸಿಮ್ಮಿನ ಫೋನಿಗೆ ಎರಡಿರುತ್ತವೆ), ಗುರುತಿನ ಚೀಟಿ ಬೇಕು. ಒಟಿಪಿಗಾಗಿ ಅದೇ ನಂಬರಿನ ಬದಲಿ ಸಿಮ್ಮನ್ನು ನಿಮ್ಮ ಮೊಬೈಲ್ ಕಂಪನಿಯಿಂದ ಮೊದಲು ತೆಗೆದುಕೊಳ್ಳಿ. ಹೊಸದಾಗಿ ಕೊಟ್ಟ ಸಿಮ್‌ಗೆ ಎಸ್‌ಎಂಎಸ್ ಬರಲು 24 ಗಂಟೆ ಹಿಡಿಯಬಹುದು, ಗಾಬರಿ ಬೇಡ. ತಡೆಯಾದ ಫೋನ್ ಯಾವ ಕಂಪನಿಯ ಸಿಮ್ ಹಾಕಿದರೂ ನೆಟ್‌ವರ್ಕ್ ಹಿಡಿಯುವುದಿಲ್ಲ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಕಾಸು ಕೊಟ್ಟು ಕೊಳ್ಳುವ ಎಷ್ಟೋ ಕಳವು ಕವರ್‌ಗಳಿಗಿಂತ ಇದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ಲಾನ್ ಇಲ್ಲದವರು ಹೊರಗೆ ಡಿಸ್‌ಪ್ಲೇ ಹಾಕಿಸುವಾಗ ‘ಒರಿಜಿನಲ್ ಕಾಂಬೊ’ (ಡಿಸ್‌ಪ್ಲೇ, ಟಚ್ ಗಾಜು ಸೇರಿದ ಜೋಡಿ) ಎಂಬ ಮಾತನ್ನು ಪರೀಕ್ಷಿಸಿಯೇ ನಂಬಿ. ಅಮೊಲೆಡ್ ಜಾಗದಲ್ಲಿ ಹಿಂದಿನಿಂದ ಬೆಳಕು ಬೀಳುವ ಅಗ್ಗದ ಟಿಎಫ್‌ಟಿ ಪರದೆ ಕೂರಿಸಿದರೆ ಕಪ್ಪು ಬಣ್ಣ ಬೂದಿಯಾಗಿ ಹೊಳೆಯುತ್ತದೆ, ಪರದೆಯೊಳಗಿನ ಬೆರಳಚ್ಚು ಕೆಲಸ ಮಾಡುವುದಿಲ್ಲ, ಗಾಜು ಫ್ರೇಮಿಗಿಂತ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ. ಕತ್ತಲಲ್ಲಿ ಪೂರ್ತಿ ಕಪ್ಪು ಚಿತ್ರವೊಂದನ್ನು ತೆರೆದು ನೋಡಿ, ಐದು ಸೆಕೆಂಡಿನಲ್ಲಿ ತಿಳಿಯುತ್ತದೆ. ಮೇಲಿನ ಗಾಜು ಮಾತ್ರ ಒಡೆದು ಟಚ್, ಚಿತ್ರ ಸರಿಯಿದ್ದರೆ ಗಾಜಷ್ಟೇ ಬದಲಿಸುವುದು ಅಗ್ಗ; ಆದರೆ ಬಿಸಿ ಮಾಡಿ ಬಿಡಿಸುವಾಗ ಪ್ಯಾನೆಲ್ಲೇ ಹೋದರೆ ಯಾರ ಹೊಣೆ ಎಂದು ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ.

ಹಳೆಯದನ್ನು ಬಿಟ್ಟು ಹೊಸದಕ್ಕೆ ಹೋಗುವುದಾದರೆ ನಾವು ಮೊದಲು ನೋಡುವುದು ಅಪ್‌ಡೇಟ್ ವರ್ಷಗಳನ್ನು, ಕ್ಯಾಮೆರಾ ಮೆಗಾಪಿಕ್ಸೆಲ್ ಆಮೇಲೆ. ಸ್ಯಾಮ್‌ಸಂಗ್ ಎ16 5ಜಿಗೆ 6 ವರ್ಷ, ಎಸ್24 ಮತ್ತು ಆನಂತರದ ಎಸ್ ಸರಣಿಗೆ, ಪಿಕ್ಸೆಲ್ 8 ಮತ್ತು ಮುಂದಿನವಕ್ಕೆ 7 ವರ್ಷದ ಮಾತು ಕೊಟ್ಟಿದ್ದಾರೆ. ಅದನ್ನು ಎಣಿಸುವುದು ಮಾಡೆಲ್ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಆಫರ್‌ನಲ್ಲಿ ಸಿಗುವ ಎರಡು ವರ್ಷದ ಹಳೆಯ ಮಾಡೆಲ್ಲಿಗೆ ಅಷ್ಟು ಕಳೆದು ಲೆಕ್ಕ ಹಾಕಿ. ಸ್ಟೋರೇಜ್ ನಿಧಾನವಾದ ಇಎಂಎಂಸಿ ಬಗೆಯದಾಗಿದ್ದರೆ ಬೇಡ, ವೇಗದ ಯುಎಫ್‌ಎಸ್ ಇರಲಿ. ಎರಡು ವರ್ಷಕ್ಕೆ ‘ಫೋನ್ ಸ್ಲೋ’ ಎಂಬ ದೂರಿಗೆ ಹೆಚ್ಚಾಗಿ ಇದೇ ಬೇರು. ಮಂಡ್ಯ ಜಿಲ್ಲೆಯ ಹಳ್ಳಿಗಳವರು ಫೋನು ಹಿಡಿಯುವ ತರಂಗಗಳ ಬ್ಯಾಂಡ್ ಪಟ್ಟಿಯಲ್ಲಿ ಎನ್28, ಅಂದರೆ 700 ಮೆಗಾಹರ್ಟ್ಜ್ 5ಜಿ, ಇದೆಯೇ ನೋಡಿಕೊಳ್ಳಬೇಕು. 2022ರ ತರಂಗಾಂತರ ಹರಾಜಿನಲ್ಲಿ 700 ಮೆಗಾಹರ್ಟ್ಜ್ ಕೊಂಡದ್ದು ಜಿಯೊ ಒಂದೇ, ದೂರಕ್ಕೂ ಗೋಡೆಯೊಳಕ್ಕೂ ತಲುಪುವ 5ಜಿ ಅದು.

ಬಾಳಿಕೆ ತಿಳಿಯಲು ಇನ್ನೊಂದು ದಾರಿಯಿದೆ. 2025ರ ಜೂನ್ 20ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಮಾರುವ ಫೋನುಗಳಿಗೆ ಲೇಬಲ್ ಕಡ್ಡಾಯ. ಬ್ಯಾಟರಿ ಎಷ್ಟು ಸೈಕಲ್ (ಪೂರ್ತಿ ಚಾರ್ಜ್ ಆಗಿ ಖಾಲಿಯಾಗುವ ಸುತ್ತು) ಬಾಳುತ್ತದೆ, ಬಿದ್ದರೆ ತಾಳುವ ದರ್ಜೆ, ರಿಪೇರಿಯ ದರ್ಜೆ ಎಲ್ಲ ಅದರಲ್ಲಿದೆ. ಅಲ್ಲಿನ ನಿಯಮದಂತೆ 800 ಸೈಕಲ್ ಆದ ಮೇಲೂ ಬ್ಯಾಟರಿಯಲ್ಲಿ ಶೇ 80 ಉಳಿಯಬೇಕು. ನೀವು ನೋಡುತ್ತಿರುವ ಮಾಡೆಲ್ ಅಲ್ಲೂ ಮಾರಾಟವಾಗುತ್ತಿದ್ದರೆ ಆ ಲೇಬಲ್ ಹುಡುಕಿ ಓದಿ. ಇಲ್ಲಿನ ಆವೃತ್ತಿಯ ಬ್ಯಾಟರಿ ಅಳತೆ ಬೇರೆ ಇರಬಹುದು, ಅದೊಂದನ್ನು ಹೋಲಿಸಿಕೊಳ್ಳಿ. ಬಾಗಿದ ಅಂಚಿನ ಪರದೆ ಬೇಡವೇ ಬೇಡ: ಟೆಂಪರ್ಡ್ ಗಾಜು ಕೂರುವುದಿಲ್ಲ, ಬಿದ್ದರೆ ಅಂಚೇ ಮೊದಲು ಒಡೆಯುತ್ತದೆ. ಬೈಕಿನ ಹ್ಯಾಂಡಲ್‌ಗೆ ಫೋನ್ ಕಟ್ಟಿ ಡೆಲಿವರಿ ಮಾಡುವವರು ಅದಕ್ಕೊಂದು ಅಗ್ಗದ ಫೋನ್ ಇಟ್ಟುಕೊಳ್ಳುವುದು ವಾಸಿ; ಎಂಜಿನ್ನಿನ ನಡುಕದಿಂದ ಕ್ಯಾಮೆರಾದ ಸ್ಥಿರೀಕರಣ ಹಾಳಾಗಬಹುದೆಂದು ಆ್ಯಪಲ್ 2021ರಲ್ಲೇ ಎಚ್ಚರಿಸಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹಣ ಕೊಡುವ ಮೊದಲು ಕೆವೈಎಂ ಎಂದು ಇಂಗ್ಲಿಷಿನಲ್ಲಿ ಟೈಪಿಸಿ, ಜಾಗ ಬಿಟ್ಟು 15 ಅಂಕಿಯ ಐಎಂಇಐ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಲಿ. ತಡೆಯಾದ ಫೋನಾದರೆ ಉತ್ತರದಲ್ಲೇ ತಿಳಿಯುತ್ತದೆ.

ಪ್ಲಾನ್ ಕೊಂಡು ಕ್ಲೇಮ್ ಅನ್ಯಾಯವಾಗಿ ತಿರಸ್ಕಾರವಾದವರು ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅದರಿಂದ ಆಗದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗ. ಮೈಸೂರಿನಲ್ಲೂ ಇದೆ, ಮಂಡ್ಯದಲ್ಲೂ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಪ್ಲಾನ್ ಕಂಪನಿಯ ಕಚೇರಿ ಎಲ್ಲೇ ಇರಲಿ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅಲ್ಲಿ ಕೇಳುವ ಮೊದಲ ಕಾಗದವೇ ಬಿಲ್ಲು. ಅದಕ್ಕೇ ಅಂಗಡಿಯಿಂದ ಇಳಿಯುವ ಮೊದಲು ಅಲ್ಲೇ ನಿಂತು *#06# ಒತ್ತಿ, ಬಂದ ಎರಡೂ ಸಂಖ್ಯೆ ಬಿಲ್ಲಿನ ಮೇಲೆ, ಬಾಕ್ಸಿನ ಮೇಲೆ, ಪ್ಲಾನಿನ ಪ್ರಮಾಣಪತ್ರದ ಮೇಲೆ ಒಂದೇ ಇದೆಯೇ ತಾಳೆ ನೋಡಿ. ಪ್ಲಾನಿನ ಹಣ ಫೋನಿನ ಬೆಲೆಯೊಳಗೆ ಸೇರಿಸದೆ ಬೇರೆ ಸಾಲಿನಲ್ಲಿ ಬರೆದಿರಬೇಕು. ಒಂದು ಅಂಕಿ ತಪ್ಪಿದ್ದರೂ ಆಗಲೇ ತಿದ್ದಿಸಿ ಹೊಸ ಪ್ರಿಂಟ್ ತೆಗೆಸಿಕೊಳ್ಳಿ.