ಕ್ಯಾಬಿನೆಟ್ ಮುಂಭಾಗದ 20×4 ಡಿಸ್‌ಪ್ಲೇ: ಕೊಳ್ಳಬಹುದು, ಅಕ್ಷರ ಕೆಟ್ಟರೆ ಎಸೆಯಬೇಡಿ

ಕಂಪ್ಯೂಟರ್ ಕ್ಯಾಬಿನೆಟ್ಟಿನ ಮುಂದೆ ಕೂತು, ಪ್ರೊಸೆಸರ್ ಎಷ್ಟು ಬಿಸಿಯಾಗಿದೆ, ಫ್ಯಾನ್ ಎಷ್ಟು ಸುತ್ತುತ್ತಿದೆ, ಯಾವ ಹಾಡು ಓಡುತ್ತಿದೆ ಅಂತ ತೋರಿಸುವ, ಸಾಲಿಗೆ 20 ಅಕ್ಷರದಂತೆ ನಾಲ್ಕು ಸಾಲಿನ ಪುಟ್ಟ ಪರದೆ ಇದು. ಇಲ್ಲಿ ನೋಡುತ್ತಿರುವುದು ಮೂರರ ಜೋಡಿ: ಹಿಟಾಚಿಯ ಎಚ್‌ಡಿ44780 ಚಿಪ್ಪಿಗೆ ಹೊಂದುವ 20×4 ಎಲ್‌ಸಿಡಿ, ಅದನ್ನು ಓಡಿಸುವ ಎಲ್‌ಸಿಡಿ2ಯುಎಸ್‌ಬಿ ಬೋರ್ಡು, ಲಿನಕ್ಸಿನಲ್ಲಿ ಪರದೆಗೆ ಅಕ್ಷರ ಕಳಿಸುವ ಎಲ್‌ಸಿಡಿಪ್ರಾಕ್ ತಂತ್ರಾಂಶ. ಮೈಸೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಕೊಳ್ಳುವುದೂ ಇದೇ ಜಾತಿಯ ಪರದೆ.

ಮೊದಲು ಅಳತೆ. 20×4 ಬೋರ್ಡು 98 ಮಿ.ಮೀ. ಅಗಲ, 60 ಮಿ.ಮೀ. ಎತ್ತರ. ಸಿಡಿ ಡ್ರೈವಿನ ಒಂದು ಖಾನೆಯ ಎತ್ತರ 41 ಮಿ.ಮೀ. ಮಾತ್ರ. ಹಾಗಾಗಿ ಇದಕ್ಕೆ ಎರಡು ಖಾನೆ ಬೇಕು. ಒಂದೇ ಖಾನೆ ಇರುವವರು 80×36 ಮಿ.ಮೀ.ನ 16×2 ಪರದೆ ತೆಗೆದುಕೊಳ್ಳಲಿ. ಇದನ್ನು ನೋಡದೆ ಕೊಂಡರೆ ತಗಡು ಕತ್ತರಿಸುವ ಕೆಲಸ ತಪ್ಪದು.

ಕೆಲಸದಲ್ಲಿ ಪರದೆ ಗಟ್ಟಿ. ಆದರೂ "ಚಿತ್ರವಿಚಿತ್ರ ಅಕ್ಷರ ಬರುತ್ತೆ, ಡಿಸ್‌ಪ್ಲೇ ಹೋಯ್ತು" ಅಂತ ಬಿಸಾಡುವವರು ಬಹಳ. ನಿಜವಾಗಿ ಕೆಟ್ಟ ಪರದೆಯಲ್ಲಿ ಗೆರೆಗಳು ಮಾಯವಾಗುತ್ತವೆ, ಕಪ್ಪು ಹರಡುತ್ತೆ. ಅಕ್ಷರದ ಆಕಾರ ಸ್ಪಷ್ಟವಾಗಿದ್ದು ಅಕ್ಷರವೇ ಬೇರೆಯಾಗಿದ್ದರೆ ಗಾಜಿನ ತಪ್ಪಲ್ಲ. ಏನು ಬಂದಿದೆ ಅಂತ ಸರಿಯಾಗಿ ಓದಿದರೆ ತಪ್ಪು ಎಲ್ಲಿದೆ ಅಂತ ಪರದೆಯೇ ಹೇಳುತ್ತೆ.

1ನೇ ಮತ್ತು 3ನೇ ಸಾಲಿನಲ್ಲಿ ಬರೀ ತುಂಬಿದ ಚೌಕಗಳಿದ್ದರೆ ಕರೆಂಟ್ ಬಂದಿದೆ, ಚಿಪ್ಪಿಗೆ ಆರಂಭದ ಆದೇಶ ತಲುಪಿಲ್ಲ ಅಂತ. ಏನೂ ಕಾಣದಿದ್ದರೆ 3ನೇ ಪಿನ್ನಿಗೆ ಹೋಗುವ 10 ಕಿಲೋ ಓಮ್ ಪ್ರಿಸೆಟ್ಟನ್ನು (ಅಕ್ಷರದ ಕಪ್ಪು ಹೆಚ್ಚುಕಡಿಮೆ ಮಾಡುವ ಪುಟ್ಟ ತಿರುಪು) ಮೆಲ್ಲಗೆ ತಿರುಗಿಸಿ.

ಡಿಗ್ರಿ ಚಿಹ್ನೆಯ ಕಥೆ ಸ್ವಲ್ಪ ಉದ್ದ, ಹೆಚ್ಚಿನವರು ಎಡವುವುದೂ ಇಲ್ಲೇ. ಈ ಚಿಪ್ಪಿನೊಳಗೆ ಅಕ್ಷರಗಳ ಅಚ್ಚು ಮೊದಲೇ ಇರುತ್ತೆ, ಅದರಲ್ಲಿ ಎರಡು ಬಗೆ: ಜಪಾನಿ ಕಟಕಾನ ಇರುವ ಎ00, ಯುರೋಪಿನ ಅಕ್ಷರಗಳಿರುವ ಎ02. ನಮ್ಮಲ್ಲಿ ಸಿಗುವುದು ಸಾಮಾನ್ಯವಾಗಿ ಎ00. ಅದರಲ್ಲಿ ಡಿಗ್ರಿಯ ಸಂಖ್ಯೆ 223, ಎ02ರಲ್ಲಿ 176. ಇಂದಿನ ಕಂಪ್ಯೂಟರುಗಳು ಅಕ್ಷರವನ್ನು ಸಂಖ್ಯೆಯಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಅದೇ ಡಿಗ್ರಿ 194, 176 ಅಂತ ಎರಡು ಬೈಟು. ಸಣ್ಣ ಸ್ಕ್ರಿಪ್ಟ್ ಬರೆದು ಈ ಎರಡು ಬೈಟನ್ನು ನೇರ ಎ00 ಪರದೆಗೆ ಕಳಿಸಿದರೆ, ತಾಪಮಾನದ ಅಂಕಿಯ ಮುಂದೆ ಕಟಕಾನದ 'ತ್ಸು', ಜೊತೆಗೊಂದು ಅಡ್ಡಗೆರೆ ಬರುತ್ತೆ. ಎಲ್‌ಸಿಡಿಪ್ರಾಕ್ ಮೂಲಕ ಹೋದಾಗ ಡಿಗ್ರಿ ಸರಿ ಇದ್ದು ಅದರ ಎಡಕ್ಕೆ ಇಂಗ್ಲಿಷಿನ 'ಎ' ಅಂಟಿಕೊಂಡಿದ್ದರೆ, ಚಾರ್‌ಮ್ಯಾಪ್ (ಯಾವ ಅಕ್ಷರಕ್ಕೆ ಪರದೆಯ ಯಾವ ಸಂಖ್ಯೆ ಎಂಬ ಪಟ್ಟಿ) ಸರಿ ಇದೆ, ಕಳಿಸುವ ಪ್ರೋಗ್ರಾಂ ಯುಟಿಎಫ್-8 ಕಳಿಸುತ್ತಿದೆ. ಎಲ್‌ಸಿಡಿಪ್ರಾಕ್ ಬಯಸುವುದು ಅಕ್ಷರಕ್ಕೆ ಒಂದೇ ಬೈಟಿನ ಐಎಸ್‌ಒ 8859-1. ನಡುವೆ ಐಕಾನ್ವ್ ಎಂಬ ಪರಿವರ್ತಕ ಹಾಕಿ ಬದಲಾಯಿಸಿದರೆ ಮುಗಿಯಿತು. ಡಿಗ್ರಿ ಜಾಗದಲ್ಲಿ ಜರ್ಮನರ ಎಸ್ಸೆಟ್ (ß) ಬಂದರೆ ನಿಮ್ಮದು ಎ02 ಪರದೆ: ಎಲ್‌ಸಿಡಿಡಿ.ಕಾನ್ಫ್ ಕಡತದಲ್ಲಿ ಚಾರ್‌ಮ್ಯಾಪನ್ನು ಡಿಫಾಲ್ಟ್‌ನಿಂದ ಯುರೋಗೆ ಬದಲಿಸಿ, ಎಲ್‌ಸಿಡಿಪ್ರಾಕ್ ಸರ್ವರ್ ಮತ್ತೆ ಶುರು ಮಾಡಿ. ಯಾವ ಅಚ್ಚು ಅಂತ ಪೆಟ್ಟಿಗೆ ಮೇಲೆ ಬರೆಯದೆ ಮಾರುವುದು ಈ ಸರಕಿನ ದೊಡ್ಡ ಕೊರತೆ.

ಹಾಡಿನ ಹೆಸರು ಕನ್ನಡದಲ್ಲಿದ್ದರೆ ಇನ್ನೊಂದು ಪಾಡು. ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟು. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಎ00ರಲ್ಲಿ ಇವು ಗ್ರೀಕಿನ ಆಲ್ಫಾ, ಕಟಕಾನದ 'ಇ' ಅಥವಾ 'ಉ'. ಹಾಗಾಗಿ ನೇರ ಕಳಿಸಿದಾಗ ಆಲ್ಫಾ, ಅದರ ಬೆನ್ನಿಗೇ ಈ 'ಇ' ಅಥವಾ 'ಉ' ಮತ್ತೆ ಮತ್ತೆ ಬರುತ್ತಿದ್ದರೆ ಅಲ್ಲಿ ಕನ್ನಡ ಇತ್ತು ಅಂತಲೇ ತಿಳಿಯಿರಿ. 'ಮೈಸೂರು' ಎಂಬ ಮೂರಕ್ಷರ 18 ಬೈಟಾಗಿ ಒಂದು ಸಾಲನ್ನೇ ನುಂಗುತ್ತೆ. ಇದಕ್ಕೆ ಚಾರ್‌ಮ್ಯಾಪಿನಲ್ಲಿ ಮದ್ದಿಲ್ಲ. ನಾವೇ ಬಿಡಿಸಿಕೊಳ್ಳಲು ಚಿಪ್ಪು ಕೊಡುವುದು 5×8 ಚುಕ್ಕಿಯ ಎಂಟೇ ಎಂಟು ಖಾಲಿ ಮನೆ. ಒತ್ತಕ್ಷರಕ್ಕೆ ಅದು ಎಲ್ಲಿ ಸಾಕು? ಹೆಸರನ್ನು ಇಂಗ್ಲಿಷ್ ಲಿಪಿಗೆ ತಿರುಗಿಸಿ ಕಳಿಸಬೇಕು. ಕನ್ನಡವೇ ಬೇಕೆನ್ನುವವರು ಈ ಪರದೆ ಬಿಟ್ಟು 128×64 ಗ್ರಾಫಿಕ್ ಪರದೆ ಕೊಂಡು ಅಕ್ಷರವನ್ನು ಚಿತ್ರವಾಗಿ ಕಳಿಸಲಿ. ಅದು ನ್ಯಾಯವಾದ ಆಸೆಯೇ.

ಆ ಎಂಟು ಮನೆಗಳಿಂದಲೇ ಇನ್ನೊಂದು ತೊಂದರೆ ಹುಟ್ಟುತ್ತೆ. ಅಕ್ಷರವೆಲ್ಲ ಸರಿ, ಪ್ರಮಾಣ ತೋರಿಸುವ ಪಟ್ಟಿ (ಬಾರ್) ಅಥವಾ ದೊಡ್ಡ ಗಡಿಯಾರದ ಅಂಕಿ ಮಾತ್ರ ಹರಿದಂತಿದ್ದರೆ, ಎರಡೂ ಅದೇ ಮನೆಗಳಿಗೆ ಕಿತ್ತಾಡುತ್ತಿವೆ. ಒಂದೇ ತೆರೆಯಲ್ಲಿ ಎರಡನ್ನೂ ಇಡಬೇಡಿ.

21ನೇ ಅಕ್ಷರ ಎರಡನೇ ಸಾಲಿಗೆ ಬರದೆ ಮೂರನೆಯದಕ್ಕೆ ಹಾರಿದರೆ ಗಾಬರಿ ಬೇಡ. ಸಾಲುಗಳ ವಿಳಾಸ ಕ್ರಮವಾಗಿ 0, 64, 20, 84 ಅಂತಲೇ ಇದೆ. ಎಲ್‌ಸಿಡಿಡಿ.ಕಾನ್ಫ್ ಕಡತದಲ್ಲಿ ಸೈಜ್ 20×4 ಅಂತ ಕೊಟ್ಟಿದ್ದೀರಾ ನೋಡಿ.

ಒಂದಿಷ್ಟು ಹೊತ್ತು ಚೆನ್ನಾಗಿದ್ದು ಆಮೇಲೆ ಪೂರಾ ಕಲಸುಮೇಲೋಗರ ಆಗುವುದು ವೈರಿಂಗಿನ ತಪ್ಪು. 4-ಬಿಟ್ ಜೋಡಣೆಯಲ್ಲಿ ಒಂದು ಬೈಟು ಎರಡು ಅರ್ಧವಾಗಿ ಹೋಗುತ್ತೆ. 'ಈಗ ಓದಿಕೋ' ಅಂತ ಚಿಪ್ಪಿಗೆ ಹೇಳುವ ಎನೇಬಲ್ ತಂತಿಯಲ್ಲಿ ಒಂದು ಸುಳ್ಳು ಮಿಡಿತ ಬಂದರೆ ಅರ್ಧ ಹೆಜ್ಜೆ ತಪ್ಪಿ, ಆಮೇಲಿನದೆಲ್ಲ ಅಡ್ಡಾದಿಡ್ಡಿ. ಪರದೆಗೂ ಬೋರ್ಡಿಗೂ ನಡುವಿನ ತಂತಿ ಗಿಡ್ಡವಾಗಿರಲಿ, ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಮತ್ತು ಫ್ಯಾನ್ ತಂತಿಗಳ ಪಕ್ಕ ಬೇಡ. ಪರದೆಯ 1 ಮತ್ತು 2ನೇ ಪಿನ್ನಿನ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿ. ಹಳೇ ಮನೆಗಳಲ್ಲಿ ಅರ್ತಿಂಗ್ ಇಲ್ಲದ ಪ್ಲಗ್ಗಿಗೆ ಹಾಕಿದರೆ ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುತ್ತೆ. ಮೊದಲು ಅದನ್ನು ಸರಿಪಡಿಸಿ. ಯುಎಸ್‌ಬಿ ಬೋರ್ಡನ್ನು ಪರದೆಯ ಬೆನ್ನಿಗೇ ಕೂರಿಸಬಹುದಾದ್ದರಿಂದ ಉದ್ದ ತಂತಿಯ ಕಾಟ ಕಡಿಮೆ. ಪ್ಯಾರಲಲ್ ಪೋರ್ಟಿಗೆ ನೇರ ಜೋಡಿಸಿದ ಹಳೇ ಕ್ಯಾಬಿನೆಟ್‌ಗಳಲ್ಲಿ ಅದೇ ಕಡತದ ಡಿಲೇಮಲ್ಟ್ (ಆದೇಶಗಳ ನಡುವಿನ ಬಿಡುವು ಹೆಚ್ಚಿಸುವ ಸಂಖ್ಯೆ) 2 ಮಾಡಿ ನೋಡಿ: ಚಿಪ್ಪಿಗೆ ಒಂದು ಆದೇಶಕ್ಕೆ 37 ಮೈಕ್ರೋಸೆಕೆಂಡ್, ಪರದೆ ಅಳಿಸಲು 1.52 ಮಿಲಿಸೆಕೆಂಡ್ ಬೇಕು, ನಕಲು ಚಿಪ್ಪುಗಳು ಇನ್ನೂ ನಿಧಾನ.

ಆಫ್ ಮಾಡಿದರೂ ಪರದೆ ಬೆಳಗುತ್ತಿದ್ದು, ಮತ್ತೆ ಆನ್ ಮಾಡಿದಾಗ ಕೆಟ್ಟ ಅಕ್ಷರ ಬಂದರೆ ಯುಎಸ್‌ಬಿಗೆ ಸ್ಟ್ಯಾಂಡ್‌ಬೈ 5 ವೋಲ್ಟ್ ಹೋಗುತ್ತಲೇ ಇದೆ, ಚಿಪ್ಪು ರೀಸೆಟ್ ಆಗಿಲ್ಲ. ಎಸ್‌ಎಂಪಿಎಸ್ ಸ್ವಿಚ್ ಆರಿಸಿ ಹತ್ತು ಸೆಕೆಂಡ್ ಬಿಡಿ. ಬಯಾಸಿನಲ್ಲಿ ಈ ಸ್ಟ್ಯಾಂಡ್‌ಬೈ ಕರೆಂಟ್ ನಿಲ್ಲಿಸುವ ಇಆರ್‌ಪಿ ಆಯ್ಕೆ ಇದ್ದರೆ ಹಾಕಿಕೊಳ್ಳಿ.

ಮಂಡ್ಯದಿಂದ ಮೈಸೂರಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೋಗಿ ಕೊಳ್ಳುವವರು ವಾಪಸ್ ಕೊಡಲು ಇನ್ನೊಂದು ಸಲ ಓಡಾಡಬಾರದಲ್ಲ. ಜೊತೆಗೆ ಒಂದು ಆರ್ಡುಯಿನೊ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡು) ಒಯ್ಯಿರಿ. 92 ಮತ್ತು 223 ಕಳಿಸಿ ನೋಡಿ. ಜಪಾನಿನ ಯೆನ್ ಚಿಹ್ನೆ ಮತ್ತು ಡಿಗ್ರಿ ಬಂದರೆ ಎ00, ಹಿಂದಕ್ಕೆ ವಾಲಿದ ಗೀಟು ಮತ್ತು ಎಸ್ಸೆಟ್ ಬಂದರೆ ಎ02. ಆಮೇಲೆ 80 ಮನೆಗೂ ಚೌಕ ತುಂಬಿಸಿ, ಸತ್ತ ಚುಕ್ಕಿ ಇದೆಯಾ ನೋಡಿ ದುಡ್ಡು ಕೊಡಿ.