ಕಾಣದ 186 ಜಿಬಿ: ಡಿ ಡ್ರೈವ್ ಹುಡುಕಾಟಕ್ಕೆ ನಾನು ಹಿಡಿದ ಮೂರು ದಾರಿ

ಹನುಮಂತನಗರದಲ್ಲಿ ನಮ್ಮ ಭಾವನವರ ಫೋಟೋ ಸ್ಟುಡಿಯೋ ಇದೆ. ಮದುವೆ ಆಲ್ಬಮ್ ಡಿಸೈನ್ ಮಾಡೋದು ನಾನು. ಮೇ ತಿಂಗಳ ಮುಹೂರ್ತಗಳ ನಡುವೆ ಒಂದು ಸೋಮವಾರ ಹುಡುಗ ಕ್ಯಾಮೆರಾ ಕಾರ್ಡ್ ಹಾಕಿ, "ಅಣ್ಣಾ, ಜಾಗ ಸಾಲಲ್ಲ ಅಂತ ಬರ್ತಿದೆ" ಅಂದ. 64 ಜಿಬಿ ಕಾರ್ಡ್ ತುಂಬಿತ್ತು, ಡಿ ಡ್ರೈವ್‌ನಲ್ಲಿ ಖಾಲಿ ಇದ್ದದ್ದು 38 ಜಿಬಿ. ಆದರೆ ಒಳಗಿನ ಫೋಲ್ಡರ್‌ಗಳನ್ನೆಲ್ಲ ಸೆಲೆಕ್ಟ್ ಮಾಡಿ ಪ್ರಾಪರ್ಟೀಸ್ ತೆಗೆದರೆ ತೋರಿಸಿದ್ದು 707 ಜಿಬಿ. ಎಸ್.ಪಿ. ರೋಡ್‌ನಿಂದ ತಂದ 1 ಟಿಬಿ ಡಿಸ್ಕ್ ಅದು. ಉಳಿದದ್ದು ಎಲ್ಲಿಗೆ ಹೋಯಿತು?

ಇದರಲ್ಲಿ ಒಂದು ಪಾಲು ಹೋಗಿಯೇ ಇಲ್ಲ. ಡಿಸ್ಕ್ ತಯಾರಿಸುವವರ ಲೆಕ್ಕದಲ್ಲಿ 1 ಟಿಬಿ ಅಂದರೆ ಒಂದು ಲಕ್ಷ ಕೋಟಿ ಬೈಟ್. ವಿಂಡೋಸ್ ಅದನ್ನೇ 1024ರಿಂದ ಮೂರು ಸಲ ಭಾಗಿಸಿ 931 ಅಂತ ತೋರಿಸಿ, ಪಕ್ಕದಲ್ಲಿ ಜಿಬಿ ಅಂತಲೇ ಬರೆಯುತ್ತದೆ. ಈ ಗೊಂದಲಕ್ಕೆಂದೇ 1998ರಲ್ಲಿ ಗಿಬಿಬೈಟ್ ಎಂಬ ಬೇರೆ ಹೆಸರು ಬಂತು, ವಿಂಡೋಸ್ ಅದನ್ನು ಬಳಸಲಿಲ್ಲ. ಮ್ಯಾಕ್‌ನಲ್ಲಿ 2009ರಿಂದ ಸಾವಿರದ ಲೆಕ್ಕ, ಹಾಗಾಗಿ ಅದೇ ಡಿಸ್ಕ್ ಅಲ್ಲಿ 1 ಟಿಬಿ ಅಂತಲೇ ಕಾಣುತ್ತದೆ. ಹೀಗಾಗಿ ಹುಡುಕಬೇಕಾದದ್ದು 931ರಲ್ಲಿ 707 ಮತ್ತು 38 ಕಳೆದರೆ ಉಳಿಯುವ 186 ಜಿಬಿ ಮಾತ್ರ. ಸರ್ವಿಸ್‌ನವರೊಬ್ಬರಿಗೆ ಫೋನ್ ಮಾಡಿದರೆ "ಡಿಸ್ಕ್ ಹೋಗ್ತಿದೆ ಸಾರ್, ಹೊಸದು ಹಾಕ್ಸಿ" ಅಂದುಬಿಟ್ಟರು. ನೋಡದೆಯೇ ಹೇಳಿದ ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ.

ಮೊದಲು ನೋಡಿದ್ದು ವಿಂಡೋಸ್‌ನ ಸೆಟಿಂಗ್ಸ್‌ನೊಳಗಿನ ಸ್ಟೋರೇಜ್ ಪುಟ. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಅದೊಂದು ಅನುಕೂಲ. ಸಿ ಡ್ರೈವ್ ತುಂಬಿದ್ದರೆ ನಾನು ಈಗಲೂ ಇಲ್ಲಿಂದಲೇ ಶುರು ಮಾಡುತ್ತೇನೆ. ಟೆಂಪರರಿ ಫೈಲ್‌ಗಳು, ಅಪ್‌ಡೇಟ್ ಆದಮೇಲೆ ಉಳಿದ ಹಳೆಯ ವಿಂಡೋಸ್, ಎಲ್ಲಕ್ಕೂ ಟಿಕ್ ಹಾಕಿ ಅಳಿಸಬಹುದು. ಡಿ ಡ್ರೈವ್ ವಿಷಯದಲ್ಲಿ ಮಾತ್ರ ಅದು ದೊಡ್ಡದೊಂದು ಗಂಟು ಕಟ್ಟಿ "ಅದರ್" ಅಂತ ಹೆಸರಿಟ್ಟು ಸುಮ್ಮನಾಯಿತು.

ಎರಡನೆಯದು ಡಿಸ್ಕಿನಲ್ಲಿ ಯಾವುದು ಎಷ್ಟು ಜಾಗ ಹಿಡಿದಿದೆ ಅಂತ ತೋರಿಸುವ ವಿನ್‌ಡರ್‌ಸ್ಟ್ಯಾಟ್ ಎಂಬ ಸಾಫ್ಟ್‌ವೇರ್, ನನ್ನ ಹತ್ತಿರ ಇದ್ದ ಹಳೆಯ 1.1.2 ಆವೃತ್ತಿ. ಇದು ಒಂದೊಂದೇ ಫೋಲ್ಡರಿನ ಬಾಗಿಲು ತಟ್ಟಿ ಎಣಿಸುತ್ತಾ ಹೋಗುತ್ತದೆ. ತಿರುಗುವ ಹಾರ್ಡ್ ಡಿಸ್ಕ್, ಲಕ್ಷಗಟ್ಟಲೆ ಫೋಟೋ. ಗಾಂಧಿಬಜಾರಿಗೆ ಹೋಗಿ ಕಾಫಿ ಕುಡಿದು ಬಂದರೂ ಎಣಿಕೆ ಮುಗಿದಿರಲಿಲ್ಲ. ಮುಗಿದಮೇಲೆ ಬಂದ ಚಿತ್ರ ಮಾತ್ರ ಕಾದದ್ದಕ್ಕೆ ಸಾರ್ಥಕ. ಪ್ರತಿ ಫೈಲಿಗೂ ಅದರ ಗಾತ್ರದಷ್ಟೇ ಒಂದು ಚೌಕ, ಫೈಲಿನ ಬಗೆಗೊಂದು ಬಣ್ಣ. ಕೆಳಗಿನ ಮೂಲೆಯಲ್ಲಿ ಒಂದೇ ಬಣ್ಣದ, ಒಂದೇ ಅಳತೆಯ ಎರಡು ತುಂಡು ಅಕ್ಕಪಕ್ಕ ಕಂಡವು. ಕ್ಲಿಕ್ ಮಾಡಿದರೆ ಒಂದೇ ಆರತಕ್ಷತೆಯ ವಿಡಿಯೋ ಎರಡು ಸಲ ಕಾಪಿಯಾಗಿತ್ತು, ಒಂದೊಂದೂ 22 ಜಿಬಿ. ಬರೀ ಹೆಸರಿನ ಪಟ್ಟಿ ನೋಡಿದ್ದರೆ ಅದು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ರೀಸೈಕಲ್ ಬಿನ್‌ನಲ್ಲಿ 46 ಜಿಬಿ ಕೂತಿರುವುದೂ ಇಲ್ಲೇ ತಿಳಿಯಿತು. ಅಡಗಿಸಿಟ್ಟ ಫೋಲ್ಡರ್ ಆದ್ದರಿಂದ ನನ್ನ ಸೆಲೆಕ್ಟ್ ಆಲ್‌ಗೆ ಅದು ಸಿಕ್ಕಿರಲಿಲ್ಲ. ಆಮೇಲೂ 140ರಷ್ಟು ಬಾಕಿ. ಆ ಬಾಕಿಯನ್ನು ವಿನ್‌ಡರ್‌ಸ್ಟ್ಯಾಟ್ "ಅನ್‌ನೋನ್" ಎಂದಿತು. ಒಳಗೆ ಹೋಗಲು ಅನುಮತಿ ಇಲ್ಲದ ಜಾಗ ಎಂದರ್ಥ.

ಕೊನೆಗೆ ಅದೇ ಕೆಲಸದ ಇನ್ನೊಂದು ಸಾಫ್ಟ್‌ವೇರ್ ವಿಜ್‌ಟ್ರೀ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದೆ. ಕೆಲವೇ ಸೆಕೆಂಡು, ಪಟ್ಟಿ ಎದುರಿಗೆ. ಎನ್‌ಟಿಎಫ್‌ಎಸ್, ಅಂದರೆ ವಿಂಡೋಸ್ ಸಾಮಾನ್ಯವಾಗಿ ಬಳಸುವ ಮಾದರಿಯ ಡಿಸ್ಕಿನಲ್ಲಿ ಎಲ್ಲ ಫೈಲುಗಳ ವಿವರ ಬರೆದಿಡುವ ಒಂದು ಮೂಲ ಕೋಷ್ಟಕ ಇರುತ್ತದೆ. ಮನೆಮನೆ ತಿರುಗದೆ ವಾರ್ಡ್ ಆಫೀಸಿನ ರಿಜಿಸ್ಟರನ್ನೇ ತೆರೆದ ಹಾಗೆ ಇದು ಆ ಕೋಷ್ಟಕವನ್ನೇ ಓದುತ್ತದೆ. ಬೀಗ ಹಾಕಿದ ಮನೆಯ ಲೆಕ್ಕವೂ ಅಲ್ಲಿ ಸಿಗುತ್ತದೆ. ಪಟ್ಟಿಯ ಎರಡನೇ ಸಾಲಿನಲ್ಲೇ ಇತ್ತು: ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್, 139 ಜಿಬಿ. ಆದರೆ ಎಕ್ಸ್‌ಫ್ಯಾಟ್ ಮಾದರಿಯ ಕ್ಯಾಮೆರಾ ಕಾರ್ಡ್, ಪೆನ್‌ಡ್ರೈವ್‌ಗಳಲ್ಲಿ ಆ ಕೋಷ್ಟಕವೇ ಇಲ್ಲ, ಅಲ್ಲಿ ಇದೂ ಒಂದೊಂದೇ ಫೋಲ್ಡರ್ ಸುತ್ತಬೇಕು. ಇನ್ನೊಂದು ಮಾತು: ವಿಜ್‌ಟ್ರೀ ಸ್ವಂತ ಬಳಕೆಗೆ ಮಾತ್ರ ಉಚಿತ, ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಸ್ಟುಡಿಯೋ ಮಷೀನಿಗೆ ಹಾಕುವುದಾದರೆ ದುಡ್ಡು ಕೊಟ್ಟೇ ಹಾಕಬೇಕು. ವಿನ್‌ಡರ್‌ಸ್ಟ್ಯಾಟ್‌ಗೆ ಆ ಕಟ್ಟಳೆ ಇಲ್ಲ.

ಆ 139 ಜಿಬಿ ರಿಸ್ಟೋರ್ ಪಾಯಿಂಟ್‌ಗಳದ್ದು, ಅಂದರೆ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲೆಂದು ವಿಂಡೋಸ್ ಉಳಿಸಿಟ್ಟುಕೊಳ್ಳುವ ಪ್ರತಿಗಳದ್ದು. ಅವನ್ನು ಉಳಿಸುವ ಸಿಸ್ಟಮ್ ಪ್ರೊಟೆಕ್ಷನ್ ಅನ್ನು ಡಿ ಡ್ರೈವ್‌ಗೂ ಯಾರೋ ಆನ್ ಮಾಡಿ, ಮಿತಿಯನ್ನು ಡಿಸ್ಕಿನ ಶೇ. 15ಕ್ಕೆ ಇಟ್ಟಿದ್ದರು. ಹಳೆ ಮದುವೆ ಅಳಿಸಿ ಅದೇ ಜಾಗದಲ್ಲಿ ಹೊಸ ಮದುವೆ ಬರೆದಾಗಲೆಲ್ಲ ವಿಂಡೋಸ್ ಹಳೆಯದರ ತುಣುಕುಗಳನ್ನು ಪಕ್ಕಕ್ಕೆ ಎತ್ತಿಟ್ಟುಕೊಳ್ಳುತ್ತದೆ. ನಮ್ಮ ಹಾಗೆ ದಿನವೂ ಹಾಕಿ ತೆಗೆಯುವ ಡಿಸ್ಕಿನಲ್ಲಿ ಅದು ಮಿತಿ ಮುಟ್ಟಲು ಎಷ್ಟು ದಿನ ಬೇಕು! ಆ ಫೋಲ್ಡರಿಗೆ ನುಗ್ಗಿ ಕೈಯಾರೆ ಅಳಿಸಲು ದಯವಿಟ್ಟು ಹೋಗಬೇಡಿ. ಸಿಸ್ಟಮ್ ಪ್ರೊಟೆಕ್ಷನ್ ಕಿಟಕಿಯಲ್ಲಿ ಡಿ ಆರಿಸಿ ಕಾನ್ಫಿಗರ್ ಒತ್ತಿದರೆ ಎಷ್ಟು ಬಳಕೆಯಾಗಿದೆ ಅನ್ನುವುದೂ ಕಾಣುತ್ತದೆ, ಮಿತಿ ಇಳಿಸಲು ಎಳೆಯುವ ಸ್ಲೈಡರ್ ಕೂಡ ಅಲ್ಲೇ ಇದೆ.

ನಾನು ಡಿಗೆ ಪೂರ್ತಿ ಆಫ್ ಮಾಡಿದೆ, ಸಿಗೆ ಹಾಗೇ ಬಿಟ್ಟೆ. ಅದೇ ಡಿಸ್ಕಿನೊಳಗೆ ಕೂತ ಪ್ರತಿಯನ್ನು ಬ್ಯಾಕಪ್ ಅಂತ ನಂಬಲು ನನಗೆ ಧೈರ್ಯವಿಲ್ಲ, ಫೋಟೋಗಳಿಗೆ ಬೇರೆಯೇ ಡಿಸ್ಕ್ ಇದೆ. ಆಫ್ ಮಾಡುವ ಮೊದಲು ಒಂದು ಕೆಲಸ ಮಾಡಿಕೊಂಡೆ: ಹಿಂದಿನ ವಾರ ತಪ್ಪಿ ಸೇವ್ ಮಾಡಿ ಹಾಳಾಗಿದ್ದ ಧಾರೆಯ ಪುಟದ ಫೈಲಿನ ಪ್ರಾಪರ್ಟೀಸ್‌ನಲ್ಲಿ ಪ್ರೀವಿಯಸ್ ವರ್ಷನ್ಸ್ ತೆಗೆದೆ. ಹಳೆಯ ಪ್ರತಿ ಇತ್ತು, ಹೊರಗೆ ತೆಗೆದಿಟ್ಟೆ. ಆಫ್ ಮಾಡಿದಮೇಲೆ ಅದು ಮತ್ತೆ ಸಿಗುತ್ತಿರಲಿಲ್ಲ.

ಬಿನ್ ಖಾಲಿ ಮಾಡಿ, ಎರಡನೇ ಆರತಕ್ಷತೆ ಅಳಿಸಿದ ಮೇಲೆ ಡಿ ಡ್ರೈವ್‌ನಲ್ಲಿ 245 ಜಿಬಿ ಖಾಲಿ. ಹುಡುಗ ಕಾರ್ಡನ್ನು ಮತ್ತೆ ಹಾಕಿದ, ಮಧ್ಯಾಹ್ನದ ಊಟದ ಹೊತ್ತಿಗೆ ಕಾಪಿ ಮುಗಿದಿತ್ತು.