ಕಾಡು ಓದಬೇಕು ಅಂದರೆ ಡೇಟಾ ಸೈನ್ಸ್ ತೋರಿಸಿದರು

ಜಯನಗರದ ಒಂದು ಫಾರಿನ್ ಎಜುಕೇಶನ್ ಕನ್ಸಲ್ಟೆನ್ಸಿಗೆ ಹೋಗಿದ್ದೆ, ಹೆಸರು ಬೇಡ ಬಿಡಿ. ಪೊನ್ನಂಪೇಟೆಯಲ್ಲಿ ಬಿ.ಎಸ್ಸಿ. ಫಾರೆಸ್ಟ್ರಿ ಮುಗಿಸಿದ್ದೇನೆ, ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡಬೇಕು ಅಂದೆ. ಎದುರಿಗಿದ್ದ ಹುಡುಗ 'ಫಾರೆಸ್ಟ್ ಆಫೀಸರ್ ಆಗೋಕೆ ಇಲ್ಲೇ ಎಕ್ಸಾಮ್ ಇದೆಯಲ್ವಾ ಮೇಡಂ?' ಅಂತ ಕೇಳಿ, ಸುಮ್ನೆ ಡೇಟಾ ಸೈನ್ಸ್ ಬ್ರೋಷರ್ ಮುಂದಿಟ್ಟ.

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. 1864ರಲ್ಲಿ ನಮ್ಮ ದೇಶದ ಕಾಡುಗಳಿಗೆ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆದ ಡೀಟ್ರಿಚ್ ಬ್ರಾಂಡಿಸ್ ಜರ್ಮನಿಯವರೇ. ಡ್ರೆಸ್ಡೆನ್ ಹತ್ತಿರದ ಥರಾಂಟ್‌ನಲ್ಲಿ 1811ರಲ್ಲೇ ಕಾಡಿನ ಪಾಠ ಶುರುವಾಯಿತು, ಈಗ ಅಲ್ಲಿ ನಮ್ಮಂಥ ಬಿಸಿಲು ನಾಡಿನ ಕಾಡುಗಳ ಬಗ್ಗೆಯೇ ಇಂಗ್ಲಿಷ್‌ನಲ್ಲಿ ಮಾಸ್ಟರ್ಸ್ ಇದೆ. ಇದನ್ನೆಲ್ಲ ನಾನೇ ಅವರಿಗೆ ಹೇಳಿಕೊಡಬೇಕಾಯಿತು. ಫೀಸ್ ಮಾತ್ರ ನನ್ನದು!

ಜರ್ಮನಿಯಲ್ಲಿ ಓದು ಪೂರ್ತಿ ಫ್ರೀ ಅಂದರು. ಕಾಡಿನ ಓದಿಗೆ ಹೆಸರಾದ ಇನ್ನೊಂದು ಊರು ಫ್ರೈಬುರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯುರೋಪಿನ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1500 ಯೂರೋ ಇದೆ, ಆ ವಿಷಯ ಯಾರೂ ಬಾಯಿಬಿಡಲಿಲ್ಲ.

ಆದರೆ ಪೇಪರ್‌ಗಳನ್ನು ನೋಡುವ ಒಬ್ಬ ಅಕ್ಕ ಇದ್ದಾರೆ, ಅವರಿಗೆ ಕೈ ಮುಗಿಯಬೇಕು. ವೀಸಾಗೆ ಮುಂಚೆ ಎಪಿಎಸ್ ಸರ್ಟಿಫಿಕೇಟ್ (ನಮ್ಮ ಓದಿನ ಪೇಪರ್‌ಗಳು ಅಸಲಿ ಅಂತ ಜರ್ಮನ್ ಎಂಬೆಸಿ ಕಡೆಯವರು ಪರೀಕ್ಷಿಸಿ ಕೊಡುವ ಪತ್ರ) ಬೇಕು ಅಂತ ಮೊದಲ ದಿನವೇ ಹೇಳಿ, ಪಾಸ್‌ಪೋರ್ಟಿನಲ್ಲಿರುವ ನನ್ನ ಹೆಸರಿಗೂ ಮಾರ್ಕ್ಸ್ ಕಾರ್ಡಿಗೂ ಒಂದು ಅಕ್ಷರ ವ್ಯತ್ಯಾಸ ಇದ್ದಿದ್ದನ್ನು ಅವರೇ ಹಿಡಿದರು. ನಾಲ್ಕು ವರ್ಷ ನನಗೇ ಕಂಡಿರಲಿಲ್ಲ, ನೋಡಿ.

ಐದಕ್ಕೆ ಎರಡು ಸ್ಟಾರ್. ಎರಡೂ ಆ ಅಕ್ಕನಿಗೆ. ಕೋರ್ಸ್ ಹುಡುಕುವುದಕ್ಕೆ ಮಾತ್ರ ಅಲ್ಲಿಗೆ ಹೋಗಬೇಡಿ, ಯೂನಿವರ್ಸಿಟಿಗೆ ನೇರ ಮೇಲ್ ಹಾಕಿ. ಗಾಡಿ ನಿಲ್ಲಿಸೋಕೂ ಜಾಗ ಇಲ್ಲ.